ಕೊಕ್ಕರೆಗೆ ಮುಳ್ಳು ಬಿಡಿಸಿದ ನೀರುನಾಯಿ

ಆ ಕಾರ್ಟೂನ್ ಈಗ ಎಲ್ಲಿ ಹುಡುಕಿದರೂ ಸಿಗುವುದಿಲ್ಲ. ನಾನು ಸಾಕಷ್ಟು ಹುಡುಕಿದ್ದೇನೆ. ಸಿಗಲಿಲ್ಲ ಎಂದಾಗ ಬೇಸರವಾಗಬೇಕಿತ್ತು, ಆದದ್ದು ಸಮಾಧಾನ. ಯಾರೂ ತೆಗೆದು ನೋಡಲಿಕ್ಕೆ ಸಾಧ್ಯವಿಲ್ಲದ ಕತೆಯನ್ನು ಹೇಗೆ ಬೇಕಾದರೂ ಹೇಳಬಹುದು, ಅಲ್ವಾ?

ಕತೆ ಇಷ್ಟೇ. ಸಮುದ್ರದ ನಡುವೆ ಒಂದು ದೀಪಸ್ತಂಭ. ಅದನ್ನು ನೋಡಿಕೊಳ್ಳುವವರು ಇಬ್ಬರು, ಒಂದು ಕೊಕ್ಕರೆ ಮತ್ತು ಒಂದು ನೀರುನಾಯಿ. ಇಬ್ಬರೂ ಗಂಡಸರೇ. ಇಬ್ಬರಿಗೂ ನೀಲಿ ಟೊಪ್ಪಿ, ಕೊಕ್ಕರೆಗೆ ಕನ್ನಡಕ, ನೀರುನಾಯಿಗೆ ಮೀಸೆ. ಸಂಜೆ ದೀಪ ಹಚ್ಚುವುದು, ದಾರಿ ತಪ್ಪಿದ ದೋಣಿಗಳಿಗೆ ಕೈ ಬೀಸುವುದು, ವಾರಕ್ಕೊಂದು ಎಡವಟ್ಟು. ಯಾವುದೋ ಚಳಿದೇಶದವರು ಮಾಡಿದ್ದು. ಪ್ರಾಣಿಗಳು ಮಾತಾಡುತ್ತಿರಲಿಲ್ಲ, ಹಿಂದಿಯಲ್ಲಿ ಒಬ್ಬ ಗಡಸು ದನಿಯವನು ನಡುನಡುವೆ ಏನೋ ವಿವರಿಸುತ್ತಿದ್ದ, ಅದು ನಮಗೆ ಅರ್ಧ ಅರ್ಥವಾಗುತ್ತಿತ್ತು. ಆದಿತ್ಯವಾರ ಬೆಳಿಗ್ಗೆ ಅರ್ಧ ಗಂಟೆ. ಕಾಪುವಿನ ದೀಪಸ್ತಂಭ ನಮ್ಮಲ್ಲಿಂದ ಬಸ್ಸಿನಲ್ಲಿ ಸ್ವಲ್ಪವೇ ದೂರ ಆದ ಕಾರಣ, ಇದು ನಮ್ಮ ಊರಿನದೇ ಸುದ್ದಿ ಎಂದು ನನಗೂ ತಮ್ಮನಿಗೂ ಖಾತ್ರಿ ಇತ್ತು. ಪಪ್ಪ ಬಹ್ರೈನಿನಿಂದ ರಜೆಯಲ್ಲಿ ಬಂದಾಗ ಹಟ ಮಾಡಿ ಅಲ್ಲಿಗೆ ಹೋದೆವು. ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿದರೆ ಮೇಲೆ ಕೊಕ್ಕರೆಯೂ ಇಲ್ಲ, ನೀರುನಾಯಿಯೂ ಇಲ್ಲ. ಖಾಕಿ ಅಂಗಿಯವರೊಬ್ಬರು ಕೂತು ನೆಲಕಡಲೆ ತಿನ್ನುತ್ತಿದ್ದರು. "ಇನ್ನೊಬ್ಬರು ಎಲ್ಲಿ?" ಎಂದು ತಮ್ಮ ಅವರನ್ನು ಕೇಳಿದ. ಪಾಪ, ಅವರು ನಮಗೂ ನಾಲ್ಕು ಕಡಲೆ ಕೊಟ್ಟರು.

ನಮ್ಮ ಮನೆ ಕಟಪಾಡಿಯಿಂದ ಒಳಗೆ. ಅಲ್ಲಿ ಎಲ್ಲರ ಅಂಗಳದಲ್ಲೂ ಮಲ್ಲಿಗೆ, ಮಲ್ಲಿಗೆ ಗಿಡಕ್ಕೆ ಆದಿತ್ಯವಾರ ಗೊತ್ತಿಲ್ಲ. ಬೆಳಕು ಹರಿಯುವ ಮೊದಲು ಮೊಗ್ಗು ಕೊಯ್ಯಬೇಕು, ಅರಳುವ ಮೊದಲು ಬಾಳೆನಾರಿನಲ್ಲಿ ಕಟ್ಟಿ ಮುಗಿಸಬೇಕು, ಇಲ್ಲವಾದರೆ ಹೂ ಒಯ್ಯುವವನು ಗೇಟಿನಲ್ಲಿ ಹಾರ್ನ್ ಹೊಡೆದು ಹೊಡೆದು ಹೊರಟುಹೋಗುತ್ತಾನೆ. ಟಿವಿ ನಮ್ಮಲ್ಲಿ ಮಾತ್ರ ಇದ್ದದ್ದರಿಂದ ಪಕ್ಕದ ಮನೆಯ ಮಾವ್ಶಿ, ಅಂದರೆ ಮಮ್ಮಿಯ ತಂಗಿ, ತನ್ನ ಹೂವಿನ ಬುಟ್ಟಿ ಎತ್ತಿಕೊಂಡು ನಮ್ಮಲ್ಲಿಗೇ ಬರುತ್ತಿದ್ದಳು. ಇಗರ್ಜಿಯ ಪೂಜೆ ಮುಗಿಸಿ ಬಂದು, ಒಳ್ಳೆಯ ಸೀರೆ ಬಿಚ್ಚಿಟ್ಟು, ಅಕ್ಕತಂಗಿ ಇಬ್ಬರೂ ಚಾಪೆ ಹಾಸಿ ಗೋಡೆಗೆ ಒರಗಿ ಕೂರುತ್ತಿದ್ದರು. ಮಮ್ಮಿ ಹೂ ಕಟ್ಟುವಾಗ ಕೈಯ ಕಡೆ ಒಮ್ಮೆಯೂ ನೋಡುತ್ತಿರಲಿಲ್ಲ. ಬೆರಳಿಗೇ ಎಲ್ಲ ಗೊತ್ತಿತ್ತು. ನಾವು ಮಕ್ಕಳು ಟಿವಿ ನೋಡುವುದು, ದೊಡ್ಡವರು ಕೆಲಸ ಮಾಡುವುದು; ನನ್ನ ತಲೆಯಲ್ಲಿ ಆ ಬೆಳಗುಗಳು ಹೀಗೇ ಉಳಿದಿದ್ದವು.

ದೊಡ್ಡವಳಾದ ಮೇಲೆ ಆ ಕಾರ್ಟೂನಿಗೆ ನಾನು ಹೊಸ ಬಾಳು ಕೊಟ್ಟೆ. ನಮ್ಮ ಕಡೆ ನಾಲ್ಕು ಜನ ಸೇರಿದರೆ, ಹುಟ್ಟಿದ ಹಬ್ಬವೋ, ಮಗುವಿನ ನಾಮಕರಣವೋ, ಊಟ ಆದ ಮೇಲೆ "ಅಕ್ಕಾ, ಆ ಕಾರ್ಟೂನ್ ಕಾಮಿಡಿ ಮಾಡು" ಎಂದು ಯಾರಾದರೂ ಶುರುಮಾಡುತ್ತಾರೆ. ನಾನು ಬೇಡ ಬೇಡ ಎಂದು ಎರಡು ಸಲ ಹೇಳಿ ಎದ್ದು ನಿಲ್ಲುತ್ತೇನೆ.

"ಸ್ವಲ್ಪ ಆಲೋಚನೆ ಮಾಡಿ ಮಾರಾಯ್ರೆ. ಇಷ್ಟು ವರ್ಷ ಒಂದೇ ದೀಪಸ್ತಂಭ. ಒಂದೇ ಮಂಚ, ಒಂದೇ ಕಂಬಳಿ. ಇಬ್ಬರಿಗೂ ಸೇರಿ ಒಂದೇ ಕೊಡೆ. ಹೆಂಡತಿ ಇಲ್ಲ, ಮಕ್ಕಳಿಲ್ಲ, ಊರಿನಿಂದ ಒಂದು ಕಾಗದ ಬಂದದ್ದಿಲ್ಲ. ಹೆಣ್ಣು ನೋಡಲಿಕ್ಕೆ ಹೋಗುವಾ ಎಂದು ಒಬ್ಬ ಮಾಮ ಬಂದು ಬಾಗಿಲು ತಟ್ಟಿದ್ದಿಲ್ಲ. ನಾವು ಎಂತ ಅಂದುಕೊಂಡದ್ದು? ಸಹೋದ್ಯೋಗಿಗಳು!"

ಇಲ್ಲಿಗೆ ಅರ್ಧ ಜನ ಬಿದ್ದು ಬಿದ್ದು ನಗುತ್ತಾರೆ. ಆಮೇಲೆ ಇನ್ನೊಂದು ಕಾರ್ಟೂನಿನ ಕಾಗೆಕಳ್ಳ ಮತ್ತು ಅವನನ್ನು ಹಿಡಿಯಲು ಹೊರಟ ನಾಯಿ ಪೊಲೀಸ್. "ಐವತ್ತು ಸಲ ಹಿಡಿದ. ಐವತ್ತು ಸಲವೂ ಲಾಕಪ್ಪಿಗೆ ಬೀಗ ಹಾಕಲಿಕ್ಕೆ ಮರೆತ. ಮರೆತದ್ದಾ ಮಾರಾಯ್ರೆ, ಮರೆತದ್ದಾ?" ಮತ್ತೆ ಕೇಸರಕ್ಕೆ ರಿಬ್ಬನ್ ಕಟ್ಟುವ ಸಿಂಹ. ಅದು ಅನ್ಯಾಯದ ಜೋಕು, ನನಗೆ ಗೊತ್ತುಂಟು. ರಿಬ್ಬನ್ ಕಟ್ಟಿದವರೆಲ್ಲ ಹಾಗಲ್ಲ. ಹಾಗಿರುವವರಲ್ಲಿ ಜನ್ಮದಲ್ಲಿ ರಿಬ್ಬನ್ ಮುಟ್ಟದವಳೊಬ್ಬಳನ್ನು ನಾನು ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ನೋಡುತ್ತೇನೆ.

ಹೌದು, ವಿಷಯ ಅದೇ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಅನ್ನುತ್ತಾರಲ್ಲ, ನಾನು ಅದಕ್ಕಿಂತ ಒಂದು ಹೆಜ್ಜೆ ಮುಂದೆ; ಹಾಲು ಕುಡಿಯುತ್ತಾ ಬೆಕ್ಕಿನ ಜೋಕು ಹೇಳುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ನಾನೇ ಆ ಸುದ್ದಿ ಎತ್ತಿ ನಗಿಸಿದರೆ ನನ್ನ ಕಡೆ ಯಾರು ಬೆರಳು ತೋರಿಸುತ್ತಾರೆ? ಇದು ನನ್ನ ಲೆಕ್ಕಾಚಾರ. ಇಷ್ಟು ಧೈರ್ಯವಾಗಿ ನಗುವವಳು ಅಂಥವಳು ಇರಲಿಕ್ಕಿಲ್ಲ ಎಂದು ಜನ ಅಂದುಕೊಳ್ಳಲಿ. ಧೈರ್ಯ ಎಂಥದ್ದು, ಹೆದರಿ ಹೆದರಿಯೇ ನಾನು ಇಷ್ಟು ತಮಾಷೆಯವಳಾದದ್ದು.

ಮಣಿಪಾಲದಲ್ಲಿ ನಾನೂ ನನ್ನವಳೂ ಒಂದು ಫ್ಲ್ಯಾಟಿನಲ್ಲಿದ್ದೇವೆ. ನಾನು ಒಂದು ಕಾಲೇಜಿನ ಲೈಬ್ರರಿಯಲ್ಲಿ, ಅವಳು ಒಂದು ಲ್ಯಾಬಿನಲ್ಲಿ. ಅವಳ ಊರು ಕೆಮ್ಮಣ್ಣು, ತುಳು ಮಾತಾಡುವವರು. ಜಗತ್ತಿಗೆಲ್ಲ ಅವಳು ನನ್ನ ರೂಮ್‌ಮೇಟ್. ಇಪ್ಪತ್ತಾರು ವಯಸ್ಸಿನಲ್ಲಿ ರೂಮ್‌ಮೇಟ್ ಅಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಮೂವತ್ತೇಳಕ್ಕೂ ರೂಮ್‌ಮೇಟ್ ಅಂದರೆ ಅಂಗಡಿಯವನೂ ಒಂದು ಕ್ಷಣ ನಿಲ್ಲುತ್ತಾನೆ. ಫ್ಲ್ಯಾಟಿನಲ್ಲಿ ಎರಡು ಬೆಡ್‌ರೂಮ್ ಉಂಟು. ಎರಡನೆಯದರಲ್ಲಿ ಯಾರೂ ಮಲಗುವುದಿಲ್ಲ, ಆದರೂ ಆ ಮಂಚದ ಬೆಡ್‌ಶೀಟನ್ನು ಪ್ರತಿ ಶನಿವಾರ ಬದಲಿಸುತ್ತೇವೆ. ಮಲಗದ ಹಾಸಿಗೆಯನ್ನು ಮಲಗಿದ ಹಾಗೆ ಸುಕ್ಕು ಮಾಡುವ ಕಲೆಯಲ್ಲಿ ನಮ್ಮನ್ನು ಮೀರಿಸುವವರು ಈ ಜಿಲ್ಲೆಯಲ್ಲಿಲ್ಲ. ಉಡುಪಿಗೆ ಮಿಕ್ಸಿ ಕೊಳ್ಳಲು ಹೋದಾಗ ಅಂಗಡಿಯ ಹುಡುಗಿ "ಯಾರ ಮನೆಗೆ?" ಎಂದು ಸುಮ್ಮನೆ ಕೇಳಿದಳು. ನಾವಿಬ್ಬರೂ ಒಟ್ಟಿಗೇ "ಮದುವೆ ಗಿಫ್ಟ್" ಎಂದೆವು. ಅವಳು ಬಣ್ಣದ ಕಾಗದ ಸುತ್ತಿ ರಿಬ್ಬನ್ ಕಟ್ಟಿಕೊಟ್ಟಳು. ಮನೆಗೆ ಬಂದು ನಮ್ಮ ಗಿಫ್ಟನ್ನು ನಾವೇ ಬಿಚ್ಚಿದೆವು.

ನನ್ನ ಹೆದರಿಕೆ ಊರಿನವರದ್ದಲ್ಲ. ಅಥವಾ ಅದೂ ಉಂಟು, ಆದರೆ ಅದು ಎರಡನೆಯದು. ಮೊದಲನೆಯದು ಮಮ್ಮಿ, ಪಪ್ಪ ತೀರಿಕೊಂಡ ಮೇಲೆ ನಮಗೆ ಉಳಿದವಳು ಅವಳೊಬ್ಬಳೇ. ಮಮ್ಮಿಗೆ ಗೊತ್ತಾದ ದಿನ ಕಟಪಾಡಿಯ ಆ ಗೇಟು ನನಗೆ ಮುಚ್ಚುತ್ತದೆ ಎಂದು ನಾನು ನಂಬಿಕೊಂಡಿದ್ದೆ. ಕಾರಣವಿಲ್ಲದೆ ನಂಬಿದ್ದಲ್ಲ. ನಮ್ಮಂಥವರ ಪ್ರೀತಿ ಅಪರಾಧವಲ್ಲ ಎಂಬ ಕೋರ್ಟಿನ ತೀರ್ಪಿನ ಸುದ್ದಿ ಟಿವಿಯಲ್ಲಿ ಬಂದ ದಿನ ನಾನು ಮನೆಯಲ್ಲಿದ್ದೆ. ಬಣ್ಣಬಣ್ಣದ ಬಾವುಟ ಹಿಡಿದು ಹುಡುಗರು ಹುಡುಗಿಯರು ಅಪ್ಪಿಕೊಂಡು ಅಳುತ್ತಿದ್ದರು. ಮಮ್ಮಿ ಹೂ ಕಟ್ಟುತ್ತಾ ನೋಡಿದಳು. ಸುಮಾರು ಹೊತ್ತು ನೋಡಿ, "ಅಂಥವರ ತಾಯಂದಿರ ಗತಿ ಎಂತ?" ಎಂದಳು. ಅಷ್ಟೇ. ನಾನು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ನಿಂತೆ. ಆ ಒಂದು ಮಾತನ್ನು ನಾನು ಆರೇಳು ವರ್ಷ ಹೊತ್ತುಕೊಂಡು ತಿರುಗಿದ್ದೇನೆ.

ನಮ್ಮ ಮನೆಯ ಮಾತು ಕೊಂಕಣಿ. ಇದನ್ನೆಲ್ಲ ಕನ್ನಡದಲ್ಲಿ ಬರೆಯುತ್ತಿರುವುದೂ ಹೆದರಿಕೆಯಿಂದಲೇ. ಕೊಂಕಣಿಯಲ್ಲಿ ಬರೆದರೆ ನಮ್ಮ ವಠಾರದವರು ಮೂರು ದಿನದಲ್ಲಿ ಓದಿ ಮುಗಿಸುತ್ತಾರೆ.

ಈಗ ಮುಳ್ಳಿನ ವಿಷಯ ಹೇಳಬೇಕು. ನಾನು ಎರಡನೇ ಕ್ಲಾಸಿನಲ್ಲಿರುವಾಗ ಬೂತಾಯಿ ಮೀನಿನ ಮುಳ್ಳು ಗಂಟಲಿಗೆ ಸಿಕ್ಕಿ ದೊಡ್ಡ ರಂಪವಾಗಿತ್ತು. ಅನ್ನದ ಉಂಡೆ ನುಂಗಿಸಿದರು, ಬಾಳೆಹಣ್ಣು ನುಂಗಿಸಿದರು, ಕಡೆಗೆ ಉಡುಪಿಗೆ ಡಾಕ್ಟರ ಹತ್ತಿರ ಓಡಿದ್ದು. ಆ ದಿನದಿಂದ ಮಮ್ಮಿ ನನ್ನ ಮೀನಿನ ಮುಳ್ಳು ತಾನೇ ಬಿಡಿಸಿ ಮೀನನ್ನು ಬಟ್ಟಲ ಅಂಚಿಗೆ ಇಡುತ್ತಿದ್ದಳು. ಹತ್ತನೇ ಕ್ಲಾಸಿನವರೆಗೂ. ತಮ್ಮ ಗೇಲಿ ಮಾಡುತ್ತಿದ್ದ, ನಾನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಮಣಿಪಾಲಕ್ಕೆ ಬಂದ ಮೇಲೆ ನಾನು ಬೂತಾಯಿ ತಿನ್ನುವುದನ್ನೇ ಬಿಟ್ಟೆ. ಕೆಮ್ಮಣ್ಣಿನವಳಿಗೆ ಇದು ಸಹಿಸಲು ಆಗಲಿಲ್ಲ. "ಬೂತಾಯಿ ತಿನ್ನದವಳ ಜೊತೆ ನನಗೆ ಒಂದು ಮನೆಯಲ್ಲಿ ಇರಲಿಕ್ಕೆ ಆಗುವುದಿಲ್ಲ ಮಾರಾಯ್ತಿ" ಎಂದು ಬೈದು, ಮುಳ್ಳು ಬಿಡಿಸಿ ನನ್ನ ಬಟ್ಟಲಿಗೆ ಹಾಕಿದಳು. ಇಂದಿಗೂ ಹಾಕುತ್ತಾಳೆ. ಹಾಕುತ್ತಿದ್ದೇನೆ ಎಂಬುದು ಅವಳಿಗೂ ಗೊತ್ತಾಗುವುದಿಲ್ಲ, ಅಷ್ಟು ಅಭ್ಯಾಸ.

ಮಮ್ಮಿಯ ಕಣ್ಣಿನ ಪೊರೆಯ ಆಪರೇಷನ್ ಮಣಿಪಾಲದಲ್ಲಿ ಆದಾಗ ಎರಡು ವಾರ ನಮ್ಮಲ್ಲೇ ಇದ್ದಳು. ಆ ಎರಡು ವಾರ ನಾನು ಸರಿಯಾಗಿ ಉಸಿರಾಡಿದ್ದೇನೋ ಇಲ್ಲವೋ. ಎರಡನೆಯ ಬೆಡ್‌ರೂಮಿಗೆ ಕಡೆಗೂ ಒಬ್ಬರು ಮಲಗುವವರು ಸಿಕ್ಕರು. ನಾನು ಹಾಲ್‌ನ ಸೋಫಾದಲ್ಲಿ ಮಲಗಿ ಬೆನ್ನು ನೋಯಿಸಿಕೊಂಡೆ. ಮೂರನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ನಾನು ಏನೋ ಮಾತಾಡುತ್ತಿದ್ದೆ. ನೋಡುವಾಗ ಕೆಮ್ಮಣ್ಣಿನವಳು ಬೂತಾಯಿಯ ಮುಳ್ಳು ಎಳೆದು ತೆಗೆದು ಮೀನನ್ನು ನನ್ನ ಬಟ್ಟಲಿಗೆ ಹಾಕುತ್ತಿದ್ದಾಳೆ. ಮೇಜಿನ ಅಡಿಯಲ್ಲಿ ಅವಳ ಕಾಲು ತುಳಿದೆ. ಮಮ್ಮಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು, ತಲೆ ತಗ್ಗಿಸಿ, ಗಂಜಿ ಉಣ್ಣುತ್ತಿದ್ದಳು. ಕಾಣಲಿಲ್ಲ ಎಂದು ನಾನು ತೀರ್ಮಾನಿಸಿದೆ. ಒಂದು ಕಣ್ಣಿನಲ್ಲಿ ಎಷ್ಟು ತಾನೇ ಕಾಣುತ್ತದೆ?

ಹೋದ ವರ್ಷ ತಮ್ಮನಿಗೆ ಮದುವೆ ಗೊತ್ತಾಯಿತು. ಹುಡುಗಿ ಕಾರ್ಕಳದವಳು, ಒಳ್ಳೆಯ ಮನೆ, ಭಕ್ತಿಯ ಮನೆ. ಅವರ ಮನೆಯಲ್ಲಿ ಇಬ್ಬರು ಕಾನ್ವೆಂಟಿನ ಸಿಸ್ಟರುಗಳು, ಒಬ್ಬರು ಇಗರ್ಜಿಯ ಫಾದರ್. ನಮ್ಮವರ ಮದುವೆಯ ಊಟಕ್ಕೆ ಮೊದಲು ಟೋಸ್ಟ್ ಹೇಳುವುದು ಎಂದು ಒಂದು ಕ್ರಮ ಉಂಟು. ಮಾತು ಬಲ್ಲ ಒಬ್ಬರು ಮೈಕ್ ಹಿಡಿದು ವಧೂವರರ ಬಾಲ್ಯದ ಕತೆ ಹೇಳಿ ನಗಿಸಿ, ಕಡೆಗೆ ನಾಲ್ಕು ಒಳ್ಳೆಯ ಮಾತು ಹೇಳಿ ಗ್ಲಾಸು ಎತ್ತಿಸಬೇಕು. ಸಾಮಾನ್ಯವಾಗಿ ಯಾರಾದರೂ ಹಿರಿಯ ಮಾಮ ಹೇಳುವುದು. ತಮ್ಮ ಫೋನ್ ಮಾಡಿ, "ಅಕ್ಕಾ, ನೀನೇ ಹೇಳಬೇಕು. ಆ ಕಾರ್ಟೂನ್ ಕಾಮಿಡಿ ಹಾಕು. ದುಬೈಯಿಂದ ನನ್ನ ದೋಸ್ತಿಗಳು ಬರ್ತಾರೆ, ಅವರಿಗೆ ಹೇಳಿ ಆಗಿದೆ" ಎಂದ.

"ಫಾದರ್ ಇರ್ತಾರೆ ಮಾರಾಯ."

"ಇರಲಿ. ಕಾರ್ಟೂನ್ ಅಲ್ವಾ? ಮಕ್ಕಳದ್ದು."

ಕೆಮ್ಮಣ್ಣಿನವಳಿಗೆ ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದವಳು ಕೈ ನಿಲ್ಲಿಸಿದಳು. "ಬೇಡ. ಬೆಂಕಿಯ ಹತ್ತಿರ ನಿಂತು ಎಷ್ಟು ದಿನ ಆಡ್ತೀ?" ನನಗೆ ಸಿಟ್ಟು ಬಂತು. ನಿನಗೆ ತಮಾಷೆ ಅರ್ಥ ಆಗುವುದಿಲ್ಲ ಎಂದೆ. ಅವಳು ಉಳಿದ ಬಟ್ಟೆ ಮಡಚಿಟ್ಟಳು. ಮದುವೆಗೆ ಬಂದಳು, ಬಂದು ಕೊನೆಯ ಸಾಲಿನ ಮೇಜಿನಲ್ಲಿ, ನನ್ನ ಲೈಬ್ರರಿಯವರ ಜೊತೆ ಕೂತಳು. ಅಲ್ಲಿ ಕೂರು ಎಂದು ಹೇಳಿದ್ದು ನಾನೇ.

ಕಾರ್ಕಳದ ಆ ಸಭಾಭವನದಲ್ಲಿ ಸುಮಾರು ಐನೂರು ಜನ. ವೇದಿಕೆಯ ಮೇಲೆ ತಮ್ಮ, ಅವನ ಹೆಂಡತಿ. ಮೊದಲ ಮೇಜಿನಲ್ಲಿ ಮಮ್ಮಿ, ಮಾವ್ಶಿ, ಕಾರ್ಕಳದ ಬೀಗರು, ಸಿಸ್ಟರುಗಳು, ಫಾದರ್. ಮೈಕ್ ಹಿಡಿದೆ. ಮೊದಲ ನಗು ಬಿದ್ದ ಮೇಲೆ ನನಗೆ ಯಾವಾಗಲೂ ಹಾಗೆ, ಒಂಥರಾ ಅಮಲು. ತಮ್ಮ ದೀಪಸ್ತಂಭದಲ್ಲಿ "ಇನ್ನೊಬ್ಬರು ಎಲ್ಲಿ" ಎಂದು ಕೇಳಿದ್ದನ್ನು ಹೇಳಿದೆ, ದುಬೈ ದೋಸ್ತಿಗಳು ಮೇಜು ಬಡಿದರು. ಒಂದೇ ಮಂಚ, ಒಂದೇ ಕಂಬಳಿ, ಒಂದೇ ಕೊಡೆ. ಫಾದರ್ ಕೂಡ ಹಲ್ಲು ಬಿಟ್ಟರು. ನನಗೆ ಇನ್ನೂ ಬೇಕೆನಿಸಿತು. ಬಾಯಿ ತನ್ನಷ್ಟಕ್ಕೆ ಓಡಿತು.

"ಅಷ್ಟೇ ಅಲ್ಲ. ಊಟಕ್ಕೆ ಕೂತರೆ ಎಂತ ಮಾಡ್ತದೆ ಗೊತ್ತುಂಟಾ ಆ ನೀರುನಾಯಿ? ಮೀನಿನ ಮುಳ್ಳು ಬಿಡಿಸಿ, ಒಂದೊಂದಾಗಿ ಬಿಡಿಸಿ, ಕೊಕ್ಕರೆಯ ಬಟ್ಟಲಿಗೆ ಹಾಕ್ತದೆ! ತಾನು ತಿನ್ನುವ ಮೊದಲು!"

ಹೇಳಿದ ಮೇಲೆ ನನಗೇ ಕೇಳಿಸಿತು. ಇದು ಕಾರ್ಟೂನಿನದ್ದಲ್ಲ. ಇದು ನಮ್ಮ ಮೇಜು, ನಮ್ಮ ಬಟ್ಟಲು, ನಮ್ಮ ಬೂತಾಯಿ. ಹೇಳಿ ಹೇಳಿ ಈ ಕತೆಗೆ ನಾನು ಮನೆಯಿಂದ ಎಷ್ಟು ಸಾಮಾನು ಸಾಗಿಸಿದ್ದೆನೋ ದೇವರೇ ಬಲ್ಲ. ಮುಂದಿನ ಮಾತು ಮರೆತುಹೋಯಿತು. ಕೊನೆಯ ಸಾಲಿನ ಕಡೆ ನೋಡಬಾರದು ಎಂದುಕೊಂಡೆ, ನೋಡಿದೆ. ಅವಳು ತಲೆ ತಗ್ಗಿಸಿ ಬಿಟ್ಟಿದ್ದಳು. ಸಭೆಯಲ್ಲಿ ಯಾರೂ ನಗಲಿಲ್ಲ. ನಗುವುದೋ ಬೇಡವೋ ಎಂಬ ಹಾಗೆ ಐನೂರು ಮುಖ ನನ್ನ ಕಡೆಗೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇಲ್ಲಿ ಯಾರೂ ಕಳ್ಳ ಅನ್ನಲೂ ಇಲ್ಲ, ನಾನೇ ಐನೂರು ಜನರ ಎದುರು ಹೆಗಲು ಮುಟ್ಟಿಕೊಂಡು ನಿಂತಿದ್ದೆ. ಸಾಯ್ಬಾ ದೇವಾ, ಮುಗಿಯಿತು ಎಂದುಕೊಂಡೆ.

ಆಗ ಒಂದು ನಗು ಕೇಳಿಸಿತು. ಮೊದಲ ಮೇಜಿನಿಂದ. ಮಮ್ಮಿಯದ್ದು. ಜೀವಮಾನದಲ್ಲಿ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕವಳು, ತಲೆ ಹಿಂದೆ ಹಾಕಿ, ಹೋ ಎಂದು ನಗುತ್ತಿದ್ದಳು. "ಕೊಕ್ಕರೆಗೆ ಮುಳ್ಳು!" ಎಂದು ಬೀಗಿತ್ತಿಯ ತೋಳು ತಟ್ಟಿ ಮತ್ತೆ ನಕ್ಕಳು. ಆಗ ಎಲ್ಲರಿಗೂ ತಮಾಷೆ ಹೊಳೆಯಿತು. ಕೊಕ್ಕರೆ ಮೀನನ್ನು ಇಡಿಯಾಗಿ ನುಂಗುವ ಪ್ರಾಣಿ, ಅದಕ್ಕೆ ಮುಳ್ಳು ಬಿಡಿಸಿ ಕೊಡುವುದೆಂದರೆ! ಸಭೆಯೇ ನಕ್ಕಿತು. ನಾನು ಹೇಗೋ ಒಳ್ಳೆಯ ಮಾತು ನಾಲ್ಕು ಹೇಳಿ ಗ್ಲಾಸು ಎತ್ತಿಸಿ ಕೆಳಗಿಳಿದೆ. ಜನ ಬಂದು ಕೈ ಕುಲುಕಿದರು. ಎಲ್ಲರಿಗಿಂತ ಚೆನ್ನಾಗಿ ಹೇಳಿದೆ ಎಂದು ಫಾದರೇ ಹೇಳಿದರು. ಬಚಾವಾದೆ, ಮಮ್ಮಿಗೆ ಏನೂ ಗೊತ್ತಾಗಲಿಲ್ಲ, ಪಾಪ ಎಷ್ಟು ನಕ್ಕಳು. ಬಿರಿಯಾನಿ ತಿನ್ನುತ್ತಾ ನಾನು ಹಾಗೆಯೇ ಅಂದುಕೊಂಡೆ.

ಮಗನ ಮದುವೆಯ ಮಾರನೆಯ ದಿನವೂ ಮಲ್ಲಿಗೆ ಬಿಡುತ್ತದೆ. ನಾನು ಏಳುವಾಗ ಮಮ್ಮಿ ಕೊಯ್ದು ತಂದು ಚಾಪೆಯಲ್ಲಿ ಕೂತಾಗಿತ್ತು. ಮನೆ ತುಂಬ ನೆಂಟರು ಮಲಗಿದ್ದರು. ನಾನು ಚಹಾ ಹಿಡಿದುಕೊಂಡು ಅವಳ ಹತ್ತಿರ ಕೂತೆ, ಬಾಳೆನಾರು ಸೀಳಿ ಕೊಡತೊಡಗಿದೆ. ಅವಳ ಬೆರಳು ಓಡುತ್ತಿತ್ತು, ಕಣ್ಣು ಅಂಗಳದ ಕಡೆಗಿತ್ತು.

"ಕೊಕ್ಕರೆಗೆ ಯಾರಾದರೂ ಮುಳ್ಳು ಬಿಡಿಸಿ ಕೊಡ್ತಾರಾ?" ಎಂದಳು.

"ಕಾರ್ಟೂನಲ್ಲಿ ಹಾಗೆ ಇತ್ತು ಮಮ್ಮಿ."

"ಇರಲಿಲ್ಲ."

ನಾನು ನಾರು ಸೀಳುವುದನ್ನು ನಿಲ್ಲಿಸಿದೆ.

"ಒಂದೇ ಕೊಡೆ ಇದ್ದದ್ದು ಹೌದು. ಒಂದೇ ಕಂಬಳಿ, ಅದೂ ಹೌದು. ಮುಳ್ಳು ಇರಲಿಲ್ಲ. ಆ ನೀರುನಾಯಿ ಭಾರಿ ಹೊಟ್ಟೆಬಾಕ. ಸಿಕ್ಕಿದ ಮೀನನ್ನೆಲ್ಲ ತಾನೇ ಮೊದಲು ತಿನ್ನುವುದು."

"ನೀನು ನೋಡ್ತಿದ್ದೆಯಾ?" ಎಂದು ಕೇಳಿದೆ. "ನೀನು ಹೂ ಕಟ್ತಿದ್ದೆಯಲ್ಲ?"

"ಕೈಗೆ ಕೆಲಸ ಇತ್ತು. ಕಣ್ಣಿಗೆ ಎಂತ ಕೆಲಸ ಇತ್ತು? ಒಂದು ವಾರ ಬಿಟ್ಟಿಲ್ಲ ನಾನು." ಅವಳು ನಾಲ್ಕು ಮೊಗ್ಗು ಜೋಡಿಸಿ ಗಂಟು ಹಾಕಿದಳು. "ಮುಳ್ಳು ಬಿಡಿಸಿದ್ದನ್ನು ನಾನು ನೋಡಿದ್ದು ಮಣಿಪಾಲದಲ್ಲಿ."

ಓಡಿಹೋಗಬೇಕು ಅನ್ನಿಸಿತು. ನಲ್ಲಿ ಬಿಟ್ಟು ನಿಲ್ಲಲು ಬಚ್ಚಲೂ ಖಾಲಿ ಇರಲಿಲ್ಲ, ಯಾರೋ ನೆಂಟರು ಒಳಗೆ ಕೆಮ್ಮುತ್ತಿದ್ದರು. ಈಗ ಹೇಳುತ್ತಾಳೆ, ಈಗ ಗೇಟು ತೋರಿಸುತ್ತಾಳೆ ಎಂದು ಕಾಯುತ್ತಾ ಚಹಾದ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು ಕೂತೆ.

"ಎಷ್ಟು ವರ್ಷ ಆಯ್ತು?"

ಸುಳ್ಳು ಹೇಳಲು ಬಾಯಿ ತೆರೆದೆ. "ಹನ್ನೊಂದು" ಎಂದು ಬಂತು.

"ಹನ್ನೊಂದಾ?" ಅವಳಿಗೆ ನಿಜವಾಗಿ ಆಶ್ಚರ್ಯವಾಗಿತ್ತು. "ನಾನು ಒಂಬತ್ತು ಅಂದುಕೊಂಡಿದ್ದೆ."

ನನಗೆ ಅಳು ಬಂತೋ ನಗು ಬಂತೋ ತಿಳಿಯಲಿಲ್ಲ, ಮೂಗಿನಿಂದ ಏನೋ ಒಂದು ಶಬ್ದ ಬಂತು. "ಹಾಗಾದರೆ ನಿನ್ನೆ ಅಷ್ಟು ಯಾಕೆ ನಗಾಡಿದೆ?"

"ಮತ್ತೆ ಎಂತ ಮಾಡಲಿ? ನಿನ್ನ ಮುಖ ಬಿಳುಚಿ ಹೋಗಿತ್ತು. ನಾನು ನಗದಿದ್ದರೆ ಎಲ್ಲರೂ ನಿನ್ನ ಮುಖವನ್ನೇ ನೋಡ್ತಿದ್ದರು." ಅವಳ ದನಿ ಇಳಿಯಿತು. "ನನ್ನ ಕಾಲು ಮೇಜಿನ ಅಡಿಯಲ್ಲಿ ಗಡಗಡ ನಡುಗ್ತಾ ಇತ್ತು ಪುತಾ. ಪಕ್ಕದಲ್ಲಿ ಕಾರ್ಕಳದವರು. ಎದುರು ಫಾದರ್."

"ಆ ದಿನ ಟಿವಿ ನೋಡಿ ನೀನು ಹೇಳಿದೆಯಲ್ಲ, ಅಂಥವರ ತಾಯಂದಿರ ಗತಿ ಎಂತ ಅಂತ."

"ಹೇಳಿದ್ದಲ್ಲ. ಕೇಳಿದ್ದು. ನಿನ್ನನ್ನೇ ಕೇಳಿದ್ದು. ನೀನು ಉತ್ತರ ಕೊಡದೆ ಎದ್ದು ಹೋದೆ."

ಇಷ್ಟು ವರ್ಷ ತೀರ್ಪು ಎಂದು ಹೊತ್ತುಕೊಂಡದ್ದು ಒಂದು ಪ್ರಶ್ನೆಯಾಗಿತ್ತು. "ಮಮ್ಮಿ" ಎಂದಷ್ಟೇ ಎಂದೆ.

"ನನಗೆ ಹೆದರಿಕೆ ಉಂಟು" ಎಂದಳು ಅವಳು, ಹೊಟ್ಟೆ ನೋವುಂಟು ಎಂದು ಹೇಳುವಷ್ಟು ಸಾದಾ. "ಗೊತ್ತಾದ ದಿನದಿಂದ ಉಂಟು. ಇವತ್ತು ಹೇಳಿದ ಕೂಡಲೇ ಹೋಗಲಿಲ್ಲ. ನಿನ್ನ ಮೇಲೆ ಸಿಟ್ಟೂ ಉಂಟು. ಆ ಹುಡುಗಿಯನ್ನು ಕೊನೆಯ ಸಾಲಿನಲ್ಲಿ ಕೂರಿಸಿದೆಯಲ್ಲ, ಬಡಿಸುವವರು ಅಲ್ಲಿಗೆ ಬರುವಾಗ ಮೀನು ಮುಗಿದಿತ್ತು. ನಾನು ನೋಡಿದೆ." ಮತ್ತೆ ಒಂದು ಗಂಟು ಬಿಗಿದು, "ಇನ್ನು ಆ ಕತೆ ಹೇಳಬೇಡ. ಎಲ್ಲಿಯೂ ಹೇಳಬೇಡ. ಮುಳ್ಳು ಇರಲಿಲ್ಲ ಎಂದು ನನಗೆ ಮಾತ್ರ ಗೊತ್ತಿರುವುದಲ್ಲ."

"ಮತ್ತೆ ಯಾರಿಗೆ?"

ಅವಳು ಉತ್ತರ ಕೊಡುವ ಮೊದಲೇ ಬೇಲಿಯ ಆಚೆ ಚಪ್ಪಲಿಯ ಸದ್ದು. ಮಾವ್ಶಿ. ತನ್ನ ಹೂವಿನ ಬುಟ್ಟಿ ಎತ್ತಿಕೊಂಡು, ಎಷ್ಟೋ ವರ್ಷದ ಅಭ್ಯಾಸದಂತೆ, ನಮ್ಮ ಮನೆಗೇ ಬರುತ್ತಿದ್ದಳು. ಆಗ ನನಗೆ ಹೊಳೆಯಿತು. ಆ ಚಾಪೆಯಲ್ಲಿ ಕೂರುತ್ತಿದ್ದವರು ಇಬ್ಬರು. ಮಾವ್ಶಿಯೂ ಹೂ ಕಟ್ಟುವವಳೇ. ಅವಳ ಕಣ್ಣಿಗೂ ಬೇರೆ ಕೆಲಸ ಇರಲಿಲ್ಲ.

"ಎಂತ ತಾಯಿ ಮಗಳದ್ದು ಬೆಳಿಗ್ಗೆ ಬೆಳಿಗ್ಗೆ ಗುಸುಗುಸು?" ಎಂದು ಮಾವ್ಶಿ ಮಮ್ಮಿಯ ಪಕ್ಕ ಕೂತಳು. ನನ್ನ ಕೈಯಿಂದ ಒಂದು ನಾರು ಎಳೆದುಕೊಂಡಳು.

ನಾನು ಮಮ್ಮಿಯನ್ನು ನೋಡಿದೆ. ನನ್ನ ಮಮ್ಮಿ ಸುಳ್ಳು ಹೇಳುವವಳಲ್ಲ. ಹೂ ಒಯ್ಯುವವನ ಹತ್ತಿರ ಕೂಡ, ಮೊಗ್ಗು ಸಣ್ಣದಿದ್ದರೆ ಸಣ್ಣದು ಎಂದು ತಾನೇ ಹೇಳುವವಳು.

"ನಿನ್ನೆಯ ಕಾರ್ಟೂನಿನ ವಿಷಯ" ಎಂದಳು ಮಮ್ಮಿ. "ಆ ನೀರುನಾಯಿ ಮುಳ್ಳು ಬಿಡಿಸಿ ಕೊಡ್ತಿತ್ತಲ್ಲ ಕೊಕ್ಕರೆಗೆ. ನಿನಗೆ ನೆನಪಿಲ್ವಾ?"

ಮಾವ್ಶಿ ಮೊಗ್ಗು ಜೋಡಿಸುತ್ತಾ ನನ್ನ ಮುಖ ನೋಡಿದಳು, ಮಮ್ಮಿಯ ಮುಖ ನೋಡಿದಳು.

"ಇತ್ತಾ?"

"ಇತ್ತು" ಎಂದಳು ಮಮ್ಮಿ. "ಪ್ರತಿ ವಾರ."

ಮಾವ್ಶಿ ಹ್ಞೂಂ ಎಂದಳು. ಹೌದು ಎಂದೂ ಅಲ್ಲ, ಅಲ್ಲ ಎಂದೂ ಅಲ್ಲ. ಅವಳ ಬೆರಳು ಓಡತೊಡಗಿತು, ಕಣ್ಣು ನಮ್ಮಿಬ್ಬರ ಮೇಲೇ ಇತ್ತು. ನಾನು ಮಮ್ಮಿಯ ಕಡೆ ತಿರುಗಿದೆ. ಅವಳು ತಲೆ ತಗ್ಗಿಸಿ, ಒಂದೊಂದೇ ಮೊಗ್ಗು, ತನ್ನ ಕೈಯನ್ನೇ ನೋಡಿಕೊಂಡು ಕಟ್ಟುತ್ತಿದ್ದಳು.